ವಿಧಿವಿಜ್ಞಾನದ ಹೊಸ ಬೇಡಿಕೆ: ನೂಲಿನೆಳೆಯ ಪಾಠವೂ ನಮ್ಮ ಮಕ್ಕಳೂ

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಮು, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆ ವಿಧಿಸಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ತೆರಳಿ ಸಾಕ್ಷ್ಯ ಸಂಗ್ರಹಿಸಬೇಕೆನ್ನುತ್ತದೆ. ಇದನ್ನು ಅನುಷ್ಠಾನಗೊಳಿಸಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಬೇಕಾಗುವ ತಜ್ಞರು ಕಾಲೇಜುಗಳ ಪ್ರಯೋಗಾಲಯಗಳಿಂದಲೇ ಬರಬೇಕು. ಗಡಿನಾಡ ಕನ್ನಡ ಶಾಲೆಗಳ ಮಕ್ಕಳೂ ಆ ಸಾಲಿನಲ್ಲಿರಬೇಕೆಂಬುದು ನಮ್ಮ ಆಶಯ.

ಸಣ್ಣ ಕಾಲೇಜೂ ಕಲಿಸಬಲ್ಲ ಪಾಠವೆಂದರೆ ನೂಲಿನೆಳೆಯ ಪರೀಕ್ಷೆ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಹತ್ತಿಯ ಎಳೆ ತಿರುಚಿದ ಪಟ್ಟಿಯಂತೆ ಕಾಣುತ್ತದೆ. ಉಣ್ಣೆಯ ಮೇಲೆ ಹುರುಪೆಗಳಿರುತ್ತವೆ. ಪಾಲಿಯೆಸ್ಟರ್ ಸಾಮಾನ್ಯವಾಗಿ ನುಣುಪಾದ ಸರಳಿನಂತಿರುತ್ತದೆ. ಜ್ವಾಲೆಗೊಡ್ಡಿದರೆ ಹತ್ತಿ ಸುಟ್ಟ ಕಾಗದದ ವಾಸನೆ ಬೀರುತ್ತದೆ, ಪಾಲಿಯೆಸ್ಟರ್ ಕರಗಿ ಮಣಿಗಟ್ಟುತ್ತದೆ. ಸುಟ್ಟ ಎಳೆ ಮರಳಿ ಬಾರದು. ಆದ್ದರಿಂದ ನಿಜವಾದ ಪ್ರಕರಣಗಳಲ್ಲಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕವನ್ನೂ ಅವಕೆಂಪು ರೋಹಿತಮಾಪಕವನ್ನೂ ಅವಲಂಬಿಸುತ್ತಾರೆ.

ಆದರೆ ಈ ಪಾಠದ ತಿರುಳು ಉಪಕರಣದಲ್ಲಿಲ್ಲ, ತೀರ್ಮಾನದ ಮಿತಿಯಲ್ಲಿದೆ. ಸೊಲ್ಲಾಪುರದ ಹತ್ತಿ ಚಾದರದಿಂದಲೂ ಕಾಸರಗೋಡು ಸೀರೆಯಿಂದಲೂ ಬಣ್ಣವಿಲ್ಲದ ಒಂದೊಂದು ಎಳೆಯನ್ನು ತೆಗೆದು ನೋಡಿದರೆ ಎರಡೂ ಬರಿಯ ಹತ್ತಿಯೇ. ಎಲ್ಲೆಡೆ ದೊರೆಯುವ ಬಿಳಿ ಹತ್ತಿಯೆಳೆ ಯಾರನ್ನೂ ಅಪರಾಧಿಯೆಂದು ತೋರಿಸಲಾರದು. ಅಮೆರಿಕದ ಅಟ್ಲಾಂಟಾದಲ್ಲಿ 1982ರಲ್ಲಿ ವೇಯ್ನ್ ವಿಲಿಯಮ್ಸ್ ವಿಚಾರಣೆ ನಡೆದಾಗ ನೆಲಹಾಸಿನ ಎಳೆಗಳಿಗೆ ಬೆಲೆ ಬಂದದ್ದು, ಅವುಗಳ ಅಡ್ಡಕೊಯ್ತದ ಆಕಾರ ಅಪರೂಪದ್ದಾಗಿತ್ತೆಂಬ ಕಾರಣಕ್ಕೆ. ಆದರೂ ಎಳೆಯ ಹೋಲಿಕೆಯಿಂದ ವಸ್ತುವಿನ ವರ್ಗವನ್ನು ಹೇಳಬಹುದೇ ಹೊರತು, ಇದೇ ಬಟ್ಟೆಯಿಂದ ಬಂತೆಂದು ಖಚಿತವಾಗಿ ಹೇಳಲಾಗದೆಂದು ಆ ದೇಶದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ 2009ರ ವರದಿ ಎಚ್ಚರಿಸಿತು.

'ಹೋಲುತ್ತದೆ' ಎಂಬುದಕ್ಕೂ 'ಅದರದೇ' ಎಂಬುದಕ್ಕೂ ಇರುವ ಅಂತರದಲ್ಲಿ ನಿರಪರಾಧಿಯೊಬ್ಬನ ಬಿಡುಗಡೆ ಅಡಗಿರಬಹುದು. ಇಂಥ ಸೂಕ್ಷ್ಮವನ್ನು ಮಗು ಮೊದಲು ಗ್ರಹಿಸುವುದು ತಾಯ್ನುಡಿಯಲ್ಲಿ. ಕನ್ನಡದಲ್ಲಿ ವಿಜ್ಞಾನ ಕಲಿತ ವಿದ್ಯಾರ್ಥಿ ಕಾಲೇಜಿನಲ್ಲಿ ತೊಡಕುವುದು ಪರಿಕಲ್ಪನೆಯಲ್ಲಿ ಅಲ್ಲ, ಹೊಸ ಪಾರಿಭಾಷಿಕ ಪದಗಳಲ್ಲಿ. ಆದುದರಿಂದ ಪ್ರೌಢಶಾಲೆಯಲ್ಲಿಯೇ ಸೂಕ್ಷ್ಮದರ್ಶಕವನ್ನು ಮಕ್ಕಳ ಕೈಗೆ ಕೊಡಬೇಕು. ಕನ್ನಡ ಪದದ ಜೊತೆಗೆ ಇಂಗ್ಲಿಷ್ ಪದವನ್ನೂ ಬರೆಯಿಸಬೇಕು. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣಗಳು ಧಾರವಾಡದಲ್ಲಿಯೂ ಗೋವೆಯಲ್ಲಿಯೂ ಇವೆ. ದಾರಿ ದೂರದ್ದಲ್ಲ. ನಮ್ಮ ಶಾಲೆಯ ಪ್ರಯೋಗಾಲಯದ ಬೀಗ ವಾರಕ್ಕೆಷ್ಟು ಬಾರಿ ತೆರೆಯುತ್ತದೆಂದು ಮುಂದಿನ ಪೋಷಕರ ಸಭೆಯಲ್ಲಿ ನಾವೆಲ್ಲರೂ ಕೇಳೋಣ.