ಚಿತ್ರದ ನಡುವಿನ ಅಜ್ಜಿ

ಮಕ್ಕಳೇ, ಮೊಬೈಲ್ ಎತ್ತಿದರೆ ಸಾಕು, ಅಜ್ಜಿಯ ಜೊತೆ ಹತ್ತು ಫೋಟೋ ತೆಗೆದುಬಿಡುತ್ತೀರಿ. ಕ್ಯಾಮೆರಾವೇ ಇಲ್ಲದ ಕಾಲದ ಒಬ್ಬ ಅಜ್ಜಿಯ ಚಿತ್ರದ ಕಥೆ ಈ ವಾರ.

ಸುಮಾರು 1805ರಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ ಬರೆದ ತೈಲಚಿತ್ರ ಅದು. ಮೈತುಂಬ ಒಡವೆ ತೊಟ್ಟ ಮೂವರು ಹೆಂಗಸರು. ಬಲಗಡೆಯವಳು ಸೆರಗು ಸರಿಸಿ ಎಡತೋಳು ತೋರಿಸುತ್ತಿದ್ದಾಳೆ. ಇವರು ನರ್ತಕಿಯರೆಂದೇ ಬಹಳ ಕಾಲ ತಿಳಿದಿದ್ದರು. ಅಲ್ಲ, ಮೈಸೂರು ಅರಮನೆಯವರು ಎಂದವರು ಇತಿಹಾಸಕಾರ ನೈಜೆಲ್ ಚಾನ್ಸೆಲರ್. ಅವರ ಪ್ರಕಾರ ಅಕ್ಕಪಕ್ಕದವರು ಬಾಲಕ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರು. ನಡುವೆ ಇರುವವರು ದೊರೆಯ ಅಜ್ಜಿ ಲಕ್ಷ್ಮಮ್ಮಣ್ಣಿ.

ಸಾಮಾನ್ಯ ಅಜ್ಜಿಯಲ್ಲ ಇವರು! 1799ರ ಜೂನ್ 30ರಂದು ಮೊಮ್ಮಗ ಪಟ್ಟಕ್ಕೆ ಬಂದಾಗ ಅವನಿಗೆ ಐದು ತುಂಬಲು ಇನ್ನೂ ಎರಡು ವಾರ ಬಾಕಿ. ಅವನಿಗೆ ಹಿರಿಯರ ಆಸರೆಯಾಗಿ ನಿಂತವರು ಈ ಅಜ್ಜಿ.

ಸರಿ, ತೋಳು ತೋರಿಸುವುದೇಕೆ? ಅಲ್ಲೇ ಸಿಡುಬಿನ ದಾಕು ಹಾಕಿದ್ದು. ಆಗ ಸಿಡುಬು ಬಂದರೆ ಮನೆಮನೆಯಲ್ಲೂ ಸಾವು. ಅಜ್ಜಿಯ ಗಂಡ ಇಮ್ಮಡಿ ಕೃಷ್ಣರಾಜರೂ ಅದಕ್ಕೇ ಬಲಿಯಾದರೆಂದು ಚಾನ್ಸೆಲರ್ ಹೇಳುತ್ತಾರೆ. ಹಸುವಿನ ಸಿಡುಬಿನಿಂದ ಮನುಷ್ಯರನ್ನು ಕಾಯಬಹುದೆಂದು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ತೋರಿಸಿದ್ದ. ನಮ್ಮ ದೇಶದಲ್ಲಿ ಮೊದಲು ದಾಕು ಹಾಕಿದ್ದು 1802ರ ಜೂನ್ 14ರಂದು, ಮುಂಬಯಿಯ ಮೂರು ವರ್ಷದ ಮಗು ಅನ್ನಾ ಡಸ್ಟ್‌ಹಾಲ್‌ಗೆ. ಫ್ರಿಜ್ ಇಲ್ಲದ ಕಾಲ. ಒಬ್ಬರ ತೋಳಿನ ಗುಳ್ಳೆಯ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಚ್ಚಬೇಕು. ಯಾರದೋ ಮೈಯ ರಸ ನಮ್ಮ ಮಗುವಿಗೆ ಬೇಡ ಎಂದು ಜನ ಹೆದರಿದರು, ಜಾತಿ ಕೆಡುತ್ತದೆಂದೂ ಅಂಜಿದರು. ಆ ಅಂಜಿಕೆ ಬಿಡಿಸಲೆಂದೇ ಈ ಚಿತ್ರ ಬರೆಸಿದ್ದು ಎಂಬುದು ಚಾನ್ಸೆಲರ್ ವಾದ.

ಬ್ಯಾಂಕಿನಲ್ಲಿ ಸಾಲದ ಪತ್ರ ಬಂದರೆ ನಾನು ಮೊದಲು ನೋಡುತ್ತಿದ್ದುದು ಜಾಮೀನುದಾರರ ಸಹಿ. ಸಾಲ ಕೇಳುವವರು ಹೊಸಬರಾದರೂ ಜಾಮೀನು ನಿಂತವರು ಊರಿಗೆ ಗೊತ್ತಿದ್ದರೆ ಕೆಲಸ ಸಲೀಸು. ಔಷಧಿ ಹೊಸದು, ಹಾಕುವವರು ಪರದೇಶದವರು. ಆದರೆ ಮೊಮ್ಮಗನ ಮಡದಿಯರ ನಡುವೆ ಅಜ್ಜಿಯೇ ಇದ್ದಾರಲ್ಲ, ಅದೇ ಜಾಮೀನು.

ಲಕ್ಷ್ಮಮ್ಮಣ್ಣಿ 1810ರಲ್ಲಿ ತೀರಿಕೊಂಡರು. ಭಾರತದಲ್ಲಿ ಸಿಡುಬು ಕೊನೆಯ ಬಾರಿ ಕಂಡದ್ದು 1975ರಲ್ಲಿ. 1980ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಾರಿದರು. ಇಂದು ಯಾವ ಮಗುವಿಗೂ ಆ ದಾಕು ಬೇಕಿಲ್ಲ.

ಈ ಭಾನುವಾರ ನಿಮಗೊಂದು ಕೆಲಸ. ರಾಜಾಜಿನಗರವಿರಲಿ, ಕೆಂಗೇರಿಯಿರಲಿ, ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ತೋಳು ತೋರಿಸಲು ಹೇಳಿ. ಅಗಲವಾದ, ಕುಳಿ ಬಿದ್ದ ಕಲೆ ಕಾಣಬಹುದು. ನಿಮ್ಮ ತೋಳಿನ ಪುಟ್ಟ ಕಲೆ ಬೇರೆ, ಅದು ಕ್ಷಯ ತಡೆಯುವ ಬಿಸಿಜಿಯದು. ದಾಕು ಹಾಕಿಸಿದ ದಿನ ಯಾರು ಕೈ ಹಿಡಿದು ಕರೆದೊಯ್ದರು ಎಂದು ಕೇಳಿ, ಬರೆದಿಡಿ. ಅಜ್ಜ ಅಜ್ಜಿಯರೇ, ನೀವೂ ನಾಚದೆ ತೋಳು ತೋರಿಸಿ, ರಾಣಿಯೇ ತೋರಿಸಿದ್ದಾಳೆ!