ಪಹಣಿಯಾಗ ಹೆಸರು ಐತಿ, ಹೊಲ ಯಾರದು?

"ಪಹಣಿ ನನ್ನ ಹೆಸರ್ಲೆ ಐತಿ, ಹೊಲ ನಂದ." ಯಲಬುರ್ಗಾ ತಾಲೂಕಿನ ಯಾವ ಊರಿನ ಕಟ್ಟಿ ಮ್ಯಾಲೆ ಕುಂತರೂ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಇದನ್ನೇ ನಂಬಿ ಹೊಲ ಕೊಂಡವರಿದ್ದಾರೆ, ಅಕ್ಕ-ತಂಗಿಯರ ಪಾಲು ಕೈಬಿಟ್ಟವರಿದ್ದಾರೆ, ಮುಂದೆ ವರ್ಷಗಟ್ಟಲೆ ಕೋರ್ಟಿಗೆ ಅಲೆದವರೂ ಇದ್ದಾರೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಈ ಮಾತು ಅರ್ಧ ಮಾತ್ರ ಖರೆ. ಉಳಿದ ಅರ್ಧ ಕಾನೂನು ಕಾಲೇಜಿನ ಹುಡುಗರಿಗೆ ಪಾಠವಾಗಿ ಸಿಗುತ್ತದೆ, ಹೊಲ ಇದ್ದವರಿಗೆ ಸಿಗುವುದಿಲ್ಲ. ಇದು ತಿರುವುಮುರುವು ಆಗಬೇಕಿತ್ತು.

ಒಂದು ಹೊಲಕ್ಕೆ ಮೂರು ಬೇರೆ ಬೇರೆ ಸಂಗತಿ ಅಂಟಿಕೊಂಡಿರುತ್ತವೆ. ಮಾಲಕತ್ವ ಒಂದು, ಸ್ವಾಧೀನ ಒಂದು, ದಾಖಲೆ ಒಂದು. ಎಷ್ಟೋ ಮನೆಗಳಲ್ಲಿ ಈ ಮೂರೂ ಮೂರು ದಿಕ್ಕಿಗೆ ಇವೆ. ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರು, ಹೊಲದಲ್ಲಿ ಲಾವಣಿ ಹಿಡಿದವನ ಎತ್ತು, ಹಕ್ಕು ಮಾತ್ರ ಅಜ್ಜನ ಮಕ್ಕಳು ಮೊಮ್ಮಕ್ಕಳು ಅಷ್ಟೂ ಮಂದಿಯದು. ಲಾವಣಿಯವನು ಹೊಲದಲ್ಲಿ ನಿಂತಿದ್ದಾನೆ ಅಂತ ಮಾಲಕನಲ್ಲ. ಹಾಗೇ ಅಜ್ಜನ ಹೆಸರು ಅಳಿಸಿ ಹಿರಿಮಗನ ಹೆಸರು ಏರಿಸಿದರೆ ಉಳಿದವರ ಹಕ್ಕು ಅಳಿಸಿಹೋಗುವುದಿಲ್ಲ.

ಪಹಣಿ ಕಂದಾಯದ ದಾಖಲೆ. ಸರ್ಕಾರ ತಿರುವೆ ಯಾರಿಂದ ವಸೂಲಿ ಮಾಡಬೇಕು ಅನ್ನುವುದಕ್ಕೆ ಹುಟ್ಟಿದ ಕಾಗದ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ತಪ್ಪು ಅಂತ ರುಜುವಾತು ಆಗುವವರೆಗೆ ಪಹಣಿಯಲ್ಲಿ ಇದ್ದದ್ದನ್ನು ಸರಿ ಅಂತಲೇ ಹಿಡಿಯಬೇಕು. ಅಷ್ಟು ತೂಕ ಅದಕ್ಕುಂಟು, ಇಲ್ಲ ಅನ್ನುವುದಿಲ್ಲ. ಆದರೆ ರುಜುವಾತು ಬಂದರೆ ಅದು ಬೀಳುತ್ತದೆ. ಮ್ಯುಟೇಶನ್ ಆದ ಮಾತ್ರಕ್ಕೆ ಮಾಲಕತ್ವ ಹುಟ್ಟುವುದಿಲ್ಲ, ಇದ್ದದ್ದು ಹೋಗುವುದೂ ಇಲ್ಲ ಅಂತ ಸುಪ್ರೀಂ ಕೋರ್ಟು 1996ರಲ್ಲೂ ಹೇಳಿತು, 1997ರಲ್ಲೂ ಹೇಳಿತು, ಆಮೇಲೂ ಹೇಳುತ್ತಲೇ ಬಂದಿದೆ.

ಮನೆಯಲ್ಲಿ ಪಹಣಿ ಇದ್ದರೆ ಒಮ್ಮೆ ತೆಗೆದು ನೋಡಿ. 9ನೇ ಕಾಲಂ ಹೆಸರು ಎಲ್ಲರೂ ನೋಡುತ್ತಾರೆ. 10ನೇ ಕಾಲಂನಲ್ಲಿ ಆ ಹೆಸರು ಹೇಗೆ ಬಂತು ಅಂತ ಇರುತ್ತದೆ. ಖರೀದಿಯೋ, ಪೌತಿಯೋ, ವಾಟ್ನಿಯೋ, ಅದರ ಎಂ.ಆರ್. ನಂಬರ್ ಸಹಿತ. ಕೊಳ್ಳುವವರು ಕೆದಕಬೇಕಾದ್ದು ಇದನ್ನೇ. 11ರಲ್ಲಿ ಬ್ಯಾಂಕಿನ ಸಾಲ, ಬೇರೆಯವರ ಹಕ್ಕು. 12ರಲ್ಲಿ ಸಾಗುವಳಿ ಮಾಡುವವರ ಹೆಸರು, ಬೆಳೆ. ನಮ್ಮ ಮಂದಿ 9 ನೋಡಿ ಪಹಣಿ ಮಡಚಿ ಕಿಸೆಗೆ ಇಡುತ್ತಾರೆ.

ಪಹಣಿ ಮೇಲೆ ನಮ್ಮ ಭಾಗದಲ್ಲಿ ಇಷ್ಟು ಭಕ್ತಿ ಯಾಕೆ ಅಂದರೆ ಅದಕ್ಕೂ ಕಾರಣವಿದೆ. ನಿಜಾಮರ ಕಾಲದಲ್ಲಿ ಕೊಪ್ಪಳ, ಯಲಬುರ್ಗಾ ಸೀಮೆ ಸಾಲಾರ್ ಜಂಗ್ ಮನೆತನದ ಜಹಗೀರು. ದಾಖಲೆ ಉರ್ದುವಿನಲ್ಲಿ, ಓದುವವರು ಪಟವಾರಿ ಒಬ್ಬರೇ. ತಿರುವೆ ಕಟ್ಟಿದ ಪಾವತಿ ಇದ್ದವನೇ ಹೊಲದವನು ಅನ್ನುವುದು ರೂಢಿಯಾಯಿತು. 1949ರಲ್ಲಿ ಜಹಗೀರು ರದ್ದಾಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಇಪ್ಪತ್ತು ವರ್ಷಕ್ಕೂ ಹಿಂದೆ 'ಭೂಮಿ' ಯೋಜನೆ ಬಂದು ಪಹಣಿ ಕಂಪ್ಯೂಟರ್ ಸೇರಿತು. ಕಾಗದದ ರೂಪ ಬದಲಾಯಿತು, ರೂಢಿ ಹಾಗೇ ಉಳಿಯಿತು. ಇನ್ನೂ ಹಿಂದೆ ಹೋದರೆ ನಮ್ಮ ಯಲಬುರ್ಗಾವನ್ನು ಎರಂಬರಗೆ ಅಂತ ಕರೆದು ಸಿಂದರು ಆಳುತ್ತಿದ್ದರು. ಆ ಕಾಲದ ಕಲ್ಲಿನ ಶಾಸನಗಳಲ್ಲಿ ದಾನದ ಭೂಮಿಗೆ ನಾಲ್ಕೂ ದಿಕ್ಕಿನ ಗಡಿ ಬರೆದು, ಕಸಿದವರಿಗೆ ಶಾಪವನ್ನೂ ಹಾಕಿರುತ್ತಿದ್ದರು. ಇವತ್ತಿನ ಖರೀದಿ ಪತ್ರದಲ್ಲಿ ಚಕ್ಕುಬಂದಿ ಉಳಿದಿದೆ, ಶಾಪದ ಜಾಗಕ್ಕೆ ಸ್ಟಾಂಪ್ ಡ್ಯೂಟಿ ಬಂದಿದೆ.

ಸ್ಟಾಂಪಿನ ಮಾತು ಬಂತಲ್ಲ, ನೂರು ರೂಪಾಯಿ ಬಾಂಡ್ ಮೇಲೆ ಬರೆದು, ನಾಲ್ಕು ಮಂದಿ ಪಂಚರ ಸಹಿ ಹಾಕಿಸಿ, ಪೂರ್ತಿ ರೊಕ್ಕ ಎಣಿಸಿ ಕೊಟ್ಟು ಹೊಲ ಕೊಳ್ಳುವುದು ಇನ್ನೂ ನಡೆದೇ ಇದೆ. ಅದು ಖರೀದಿ ಅಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ, 1908ರ ನೋಂದಣಿ ಕಾಯ್ದೆಯ 17ನೇ ಕಲಂ ಎರಡೂ ಹೇಳುವುದು ಒಂದೇ: ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿ ಮಾರಾಟಕ್ಕೆ ನೋಂದಣಿ ಬೇಕೇ ಬೇಕು. ಇವತ್ತು ನೂರು ರೂಪಾಯಿಗೆ ಅರ್ಧ ಗುಂಟೆಯೂ ಸಿಗುವುದಿಲ್ಲ, ಹಾಗಾಗಿ ಎಲ್ಲಾ ಹೊಲಕ್ಕೂ ಬೇಕು ಅಂತಲೇ ತಿಳಿಯಿರಿ. ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡು "ಆತು, ಹೊಲ ನಿಮ್ದ" ಅನ್ನುವ ವ್ಯವಹಾರದಿಂದ ಮಾಲಕತ್ವ ದಾಟುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟಿನ ತೀರ್ಪು ಬಂದಿದೆ.

ನೋಂದಣಿ ಆದರೂ ಇನ್ನೊಂದು ಮಾತು ಉಳಿಯುತ್ತದೆ. ತನ್ನಲ್ಲಿ ಇಲ್ಲದ್ದನ್ನು ಯಾರೂ ಮಾರಲು ಬರುವುದಿಲ್ಲ. ನಾಲ್ಕು ಎಕರೆಯಲ್ಲಿ ಒಂದು ಎಕರೆಗೆ ಮಾತ್ರ ಹಕ್ಕುದಾರನಾದವನು ನಾಲ್ಕನ್ನೂ ಬರೆದುಕೊಟ್ಟರೆ ಕೊಂಡವನಿಗೆ ಸಿಗುವುದು ಅವನ ಪಾಲಿನದಷ್ಟೇ. ಸಬ್ ರಜಿಸ್ಟ್ರಾರ್ ಆಫೀಸಿನ ಸೀಲು ಮಾಲಕತ್ವವನ್ನು ತಪಾಸಣೆ ಮಾಡಿ ಒತ್ತಿದ್ದಲ್ಲ. ತಪಾಸಣೆ ಮಾಡಬೇಕಾದವರು ಕೊಳ್ಳುವವರೇ. ಸರ್ಕಾರ ದಲಿತರಿಗೆ, ಬುಡಕಟ್ಟಿನವರಿಗೆ ಮಂಜೂರು ಮಾಡಿದ ಜಮೀನಿನ ಕಥೆ ಇನ್ನೂ ಬಿಗಿ. 1978ರ ಪಿ.ಟಿ.ಸಿ.ಎಲ್. ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದನ್ನು ಕೊಳ್ಳುವಂತಿಲ್ಲ. ಕೊಂಡರೆ ಆ ಖರೀದಿ ನಿಲ್ಲುವುದಿಲ್ಲ. 2023ರ ತಿದ್ದುಪಡಿ ಆದ ಮೇಲೆ, ತಡವಾಗಿ ಅರ್ಜಿ ಹಾಕಿದ್ದಾರೆ ಅನ್ನುವ ನೆಪವನ್ನೂ ಕಾಯ್ದೆ ತೆಗೆದುಹಾಕಿದೆ.

ಈಗ ಹೆಣ್ಣುಮಕ್ಕಳ ಪಾಲಿಗೆ ಬರೋಣ. ನಮಗೆ ಹೆಚ್ಚು ಸಿಟ್ಟು ಬರುವುದು ಇಲ್ಲೇ.

ಅಪ್ಪ ತೀರಿದ ಮೇಲೆ ಪೌತಿ ಖಾತೆಗೆ ವಂಶವೃಕ್ಷ ಬೇಕು. ಆಗ ಮಾತ್ರ ಅಣ್ಣಂದಿರಿಗೆ ಅಕ್ಕ-ತಂಗಿಯರ ನೆನಪಾಗುತ್ತದೆ. "ಒಂದ್ ಸಹಿ ಮಾಡಿ ಹೋಗಬೇ ಯಕ್ಕಾ, ಬಸ್ಸಿಗೆ ಹೊತ್ತಾಗ್ತತಿ" ಅಂತ ಕರೆಸುತ್ತಾರೆ. ಒಂದು ಸೀರೆ, ಒಂದು ಊಟ. ಯಾವುದಕ್ಕೆ ಸಹಿ ಅಂತ ಓದಿ ಹೇಳುವವರು ಇಲ್ಲ. ತವರು ಮನೆ ಬಾಗಿಲು ಮುಚ್ಚೀತು ಅನ್ನುವ ಅಂಜಿಕೆಗೆ ಅವರು ಕೇಳುವುದೂ ಇಲ್ಲ.

ಕಾನೂನು ಏನು ಹೇಳುತ್ತದೆ? ಹಿಂದೂ ಮನೆತನಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಕರ್ನಾಟಕ 1994ರಲ್ಲೇ ಇದನ್ನು ತಂದಿತ್ತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಆ ದಿನ ಅಪ್ಪ ಬದುಕಿರಬೇಕಿತ್ತೇ ಅನ್ನುವ ಗೊಂದಲವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿತು: ಬದುಕಿರಬೇಕಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ವಾಟ್ನಿ ಆಗಿಹೋಗಿದ್ದರೆ ಅದನ್ನು ಮುಟ್ಟುವುದಿಲ್ಲ. ಆದರೆ "ಹಿಂದ ಬಾಯಿಮಾತ್ನಾಗ ಪಾಲ್ ಆಗೇತ್ರಿ" ಅಂದರೆ ಸುಮ್ಮನೆ ಒಪ್ಪುವುದಿಲ್ಲ, ಅದಕ್ಕೆ ಗಟ್ಟಿ ಸರ್ಕಾರಿ ದಾಖಲೆಯ ಆಧಾರ ಬೇಕು.

ಅಪ್ಪ ಸ್ವಂತ ದುಡಿದು ಕೊಂಡ ಹೊಲದ ಲೆಕ್ಕ ಬೇರೆ. ಅದನ್ನು ಯಾರಿಗೆ ಬೇಕಾದರೂ ಮರಣಪತ್ರ ಬರೆದುಕೊಡಬಹುದು. ಬರೆಯದೆ ತೀರಿದರೆ ಹೆಂಡತಿ, ಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಮುಸ್ಲಿಂ ಮನೆತನಗಳಲ್ಲಿ ಅವರ ವೈಯಕ್ತಿಕ ಕಾನೂನು ನಡೆಯುತ್ತದೆ. ಅಲ್ಲಿ ಮಗಳ ಪಾಲು ಮಗನ ಅರ್ಧ. ಅರ್ಧ ಅಂದರೂ ಪಾಲು ಪಾಲೇ, ಅದನ್ನೂ ಎಷ್ಟೋ ಕಡೆ ಕೊಡುವುದಿಲ್ಲ.

ನಾಡಕಚೇರಿಯಲ್ಲಿ ಖಾತೆ ಬದಲಾವಣೆಗೆ ಒಪ್ಪಿಗೆ ಕೊಟ್ಟ ಮಾತ್ರಕ್ಕೆ ಪಾಲು ಬಿಟ್ಟಂತಲ್ಲ. ಹಕ್ಕು ಬಿಡುವುದಕ್ಕೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು. ಅಣ್ಣ ಒಬ್ಬನೇ ಹತ್ತಿಪ್ಪತ್ತು ವರ್ಷ ಉಳುಮೆ ಮಾಡಿದ ಅಂತ ತಂಗಿಯ ಪಾಲು ಅವನದಾಗುವುದಿಲ್ಲ. ಪಾಲುದಾರರಲ್ಲಿ ಒಬ್ಬರ ಸ್ವಾಧೀನವನ್ನು ಎಲ್ಲರ ಸ್ವಾಧೀನ ಅಂತ ಕಾನೂನು ಎಣಿಸುತ್ತದೆ. ಆದರೆ "ನಿನಗ ಪಾಲಿಲ್ಲ, ಹೋಗು" ಅಂತ ಬಾಯಿಬಿಟ್ಟು ಹೊರಗಿಟ್ಟರೆ, ಅದು ಗೊತ್ತಾದ ದಿನದಿಂದ 12 ವರ್ಷದ ಗಡುವು ಓಡಲು ಶುರು. ಅಲ್ಲಿಂದ ಸುಮ್ಮನೆ ಕುಂತರೆ ಕಷ್ಟ.

"ಮದುವಿಗೆ ಖರ್ಚ್ ಮಾಡೇವಲ್ಲ, ಇನ್ನೇನ್ ಪಾಲು?" ಅನ್ನುವ ಅಣ್ಣಂದಿರಿಗೆ ನಮ್ಮದೊಂದು ಪ್ರಶ್ನೆ. ನಿಮ್ಮ ಮದುವೆಗೂ ಖರ್ಚಾಗಿತ್ತಲ್ಲ, ಅದನ್ನು ಯಾವ ಹೊಲದ ಲೆಕ್ಕಕ್ಕೆ ಹಿಡಿದಿರಿ?

ಇದೆಲ್ಲ ಇವತ್ತು ಯಾಕೆ ಬರೆಯುತ್ತಿದ್ದೇವೆ ಅಂದರೆ, ನಮ್ಮ ಎರಿ ಹೊಲಗಳಿಗೆ ಈಗ ಹೊರಗಿನವರ ಕಣ್ಣು ಬಿದ್ದಿದೆ. ಯಲಬುರ್ಗಾ, ಕುಕನೂರು, ಕುಷ್ಟಗಿ ಕಡೆ ಗಾಳಿ ಗಿರಣಿ ಎದ್ದಿವೆ, ಗದಗ-ವಾಡಿ ರೈಲು ಮಾರ್ಗಕ್ಕೆ ಭೂಮಿ ಹೋಗಿದೆ. 2020ರ ಭೂ ಸುಧಾರಣೆ ತಿದ್ದುಪಡಿಯಿಂದ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಎಕರೆಗೆ ಇಷ್ಟು ಅಂತ ರೊಕ್ಕ ಹಿಡಿದು ಏಜೆಂಟರು ಬಂದಾಗ ಪಹಣಿಯಲ್ಲಿ ಹೆಸರಿದ್ದವನು ಸಹಿ ಮಾಡುತ್ತಾನೆ, ಉಳಿದವರಿಗೆ ಸುದ್ದಿ ಮುಟ್ಟುವುದು ಕ್ರೇನ್ ಬಂದ ಮೇಲೆ. ಭೂಸ್ವಾಧೀನದಲ್ಲೂ ನೋಟಿಸು ಹೋಗುವುದು ಹೆಚ್ಚಾಗಿ ದಾಖಲೆಯ ಹೆಸರಿಗೇ. ಹೆಸರಿದ್ದ ಅಜ್ಜ ಸ್ಮಶಾನದಲ್ಲಿ, ನೋಟಿಸು ಗೋಡೆ ಮೇಲೆ. ಪರಿಹಾರ ಯಾರಿಗೆ ಅನ್ನುವ ತಕರಾರು ಎದ್ದರೆ ರೊಕ್ಕ ಪ್ರಾಧಿಕಾರದಲ್ಲಿ ಜಮಾ ಆಗಿ ಕೂರುತ್ತದೆ, ಮನೆಯವರು ವಕೀಲರ ಮನೆ ಮುಂದೆ ಕೂರುತ್ತಾರೆ.

ಗಾಳಿ ಗಿರಣಿಗೆ ಲೀಸ್ ಕೊಟ್ಟರೆ ಮಾಲಕತ್ವ ನಿಮ್ಮಲ್ಲೇ ಉಳಿಯುತ್ತದೆ, ನಿಜ. ಆದರೆ ಸಹಿಗೆ ಮೊದಲು ಕೇಳಬೇಕಾದ್ದು ಬಹಳ: ಎಷ್ಟು ವರ್ಷ, ಬಾಡಿಗೆ ಯಾವಾಗ ಏರುತ್ತದೆ, ಕಂಪನಿ ಕೈ ಬದಲಾದರೆ ಯಾರು ಕೊಡಬೇಕು, ಅವಧಿ ಮುಗಿದ ಮೇಲೆ ಆ ಕಾಂಕ್ರೀಟ್ ಬುನಾದಿ ಯಾರು ಕೀಳಬೇಕು. ಒಂದು ವರ್ಷಕ್ಕಿಂತ ಹೆಚ್ಚಿನ ಲೀಸಿಗೆ ನೋಂದಣಿ ಕಡ್ಡಾಯ. ನೋಂದಣಿ ಆದ ಪತ್ರದ ಪ್ರತಿ ಕೈಗೆ ಬಾರದೆ ಎಳೆದಾಡುತ್ತಿದ್ದರೆ ಯಾಕೆ ಅಂತ ಕೇಳಿ.

ಪೌತಿ ಖಾತೆ ಅರ್ಜಿ ತಗೊಳ್ಳುವಾಗ ಗ್ರಾಮ ಆಡಳಿತಾಧಿಕಾರಿಗಳು ಹೆಣ್ಣುಮಕ್ಕಳ ಎದುರು ಕಾಗದವನ್ನು ಕನ್ನಡದಲ್ಲಿ, ಗಟ್ಟಿ ದನಿಯಲ್ಲಿ ಓದಿ ಹೇಳಬೇಕು ಅನ್ನುವುದು ನಮ್ಮ ಒತ್ತಾಯ. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಅನುದಾನವೂ ಬೇಕಿಲ್ಲ, ಐದು ನಿಮಿಷ ಸಾಕು. ಖಾತೆಯಲ್ಲಿ ಎಲ್ಲಾ ವಾರಸುದಾರರ ಹೆಸರು ಜಂಟಿಯಾಗಿ ಬರಲಿ. ಪಾಲು ಬೇಡ ಅನ್ನುವವರು ಆಮೇಲೆ ತಿಳಿದು ಬಿಟ್ಟುಕೊಡಲಿ.

ಹೊಲ ಕೊಳ್ಳುವವರು ಮೂವತ್ತು ವರ್ಷದ ಇ.ಸಿ. ತೆಗೆಸಿ, ಹಳೆಯ ಕೈಬರಹದ ಪಹಣಿ ಮತ್ತು ಎಂ.ಆರ್. ಪ್ರತಿ ಕೇಳಿ, ಸರ್ವೆ ನಂಬರಿನ ಒಂದು ತುಂಡಾದರೆ 11ಇ ನಕ್ಷೆ ನೋಡಿ, ಹೊಲಕ್ಕೆ ಹೋಗಿ ಬಾಂದು ಕಲ್ಲಿನ ಹತ್ತಿರ ಬಾಜೂ ಹೊಲದವರನ್ನು ಮಾತಾಡಿಸಿ. ಬಾಜೂ ಹೊಲದವರಿಗೆ ಗೊತ್ತಿರುವುದು ಎಷ್ಟೋ ಸಲ ಕಂಪ್ಯೂಟರಿಗೆ ಗೊತ್ತಿರುವುದಿಲ್ಲ. ವಕೀಲರಿಗೆ ಕೊಡಲು ರೊಕ್ಕ ಇಲ್ಲ ಅನ್ನುವ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಪುಕ್ಕಟೆ ವಕೀಲರು ಸಿಗುತ್ತಾರೆ, ಆದಾಯದ ಮಿತಿ ಕೇಳುವಂತಿಲ್ಲ. ಅರ್ಜಿ ಕೊಡುವುದು ಕೋರ್ಟಿನ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ. ಹೋಗುವಾಗ ಪಹಣಿ, ವಂಶವೃಕ್ಷ, ಆಧಾರ್ ಪ್ರತಿ ಜೊತೆಗಿರಲಿ.