ಮೆಡಿಕಲ್ ಪಾಸಾಯಿತು, ಶುಗರ್ ಎಷ್ಟು?

ರಜೆಯ ಹಿಂದಿನ ರಾತ್ರಿ ನಮ್ಮವರ ಯಾವ ರೂಮಿಗೆ ಹೋದರೂ ಮಾತು ಒಂದೇ. ಯಾವ ಹೈಪರ್‌ಮಾರ್ಕೆಟಿನಲ್ಲಿ ಎಣ್ಣೆಗೆ ಆಫರ್ ಉಂಟು, ದೇರಾದಲ್ಲಿ ಬೂತಾಯಿ ಕಿಲೋಗೆ ಎಷ್ಟು, ಕರಾಮದ ಯಾವ ಹೊಟೇಲಿನಲ್ಲಿ ಬಿರಿಯಾನಿ ಜೊತೆ ಪೆಪ್ಸಿ ಫ್ರೀ, ಮುಸಫ್ಫದಲ್ಲಿ ಪರೋಟಕ್ಕೆ ಎಷ್ಟು ಜಾಸ್ತಿ ಮಾಡಿದರು, ಬಕಾಲದ ಕಾಕ ಈ ತಿಂಗಳ ಪಟ್ಟಿಯಲ್ಲಿ ಎಷ್ಟು ಬರೆದಿದ್ದಾರೆ. ಇಪ್ಪತ್ತೈದು ಫಿಲ್ಸ್ ವ್ಯತ್ಯಾಸಕ್ಕೆ ಎರಡು ಬಸ್ ಸ್ಟಾಪ್ ನಡೆದು ಹೋಗುವವರು ನಾವು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹೀಗೆ ಫಿಲ್ಸ್ ಫಿಲ್ಸ್ ಲೆಕ್ಕ ಹಾಕಿದ್ದಕ್ಕೇ ಊರಲ್ಲಿ ಮನೆ ಎದ್ದದ್ದು, ತಂಗಿಯ ಮದುವೆ ಆದದ್ದು, ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ್ದು.

ಆದರೆ ಅದೇ ರೂಮಿನಲ್ಲಿ ಒಮ್ಮೆ ಕೇಳಿ ನೋಡಿ, "ನಿಮ್ಮ ಶುಗರ್ ಎಷ್ಟು? ಬಿಪಿ ಎಷ್ಟು?" ಎಂದು. ಟೊಮೆಟೊ, ನೀರುಳ್ಳಿ, ಚಿನ್ನ, ರೂಪಾಯಿ, ಎಲ್ಲದರ ರೇಟು ಬಾಯಲ್ಲೇ ಇರುವವರು ಸುಮ್ಮನಾಗುತ್ತಾರೆ. ಒಬ್ಬರು ಹೇಳುತ್ತಾರೆ, "ನನಗೆ ಎಂತದ್ದೂ ಇಲ್ಲ ಮಾರಾಯ್ರೆ, ಮೊನ್ನೆ ತಾನೇ ಮೆಡಿಕಲ್ ಪಾಸಾಗಿದೆ." ಇನ್ನೊಬ್ಬರು ಹೇಳುತ್ತಾರೆ, "ಚೆಕ್ ಮಾಡಿಸುವುದು ಬೇಡ, ಶುಗರ್ ಉಂಟು ಅಂತ ಗೊತ್ತಾದರೆ ವೀಸಾ ರಿನ್ಯೂ ಮಾಡುವುದಿಲ್ಲ."

ಈ ಎರಡು ಮಾತೂ ಸುಳ್ಳು. ಈ ಎರಡು ಸುಳ್ಳು ನಮ್ಮವರನ್ನು ತಿನ್ನುತ್ತಿವೆ ಎಂದು ನಾವು ಈ ಪುಟದಲ್ಲಿ ಕಟುವಾಗಿಯೇ ಹೇಳಬೇಕಾಗಿದೆ.

ವೀಸಾ ಮೆಡಿಕಲ್‌ನಲ್ಲಿ ಏನು ನೋಡುತ್ತಾರೆ? ಎದೆಯ ಎಕ್ಸ್‌ರೇ ತೆಗೆಯುವುದು ಟಿಬಿಗಾಗಿ. ರಕ್ತ ತೆಗೆಯುವುದು ಎಚ್‌ಐವಿಗಾಗಿ, ಕೆಲವು ಕೆಲಸದವರಿಗೆ ಹೆಪಟೈಟಿಸ್ ಮುಂತಾದ ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಗಳಿಗಾಗಿ. ಅಷ್ಟೇ. ಸಕ್ಕರೆ ಕಾಯಿಲೆ ಹರಡುವ ರೋಗವಲ್ಲ, ಅದನ್ನು ಆ ಪರೀಕ್ಷೆಯಲ್ಲಿ ಹುಡುಕುವುದೂ ಇಲ್ಲ. ಹಾಗಾಗಿ ಮೆಡಿಕಲ್ ಪಾಸಾದವನಿಗೆ ಶುಗರ್ ಇಲ್ಲ ಎಂದು ಅರ್ಥವಲ್ಲ. ಶುಗರ್ ಇದ್ದವನು ಮೆಡಿಕಲ್‌ನಲ್ಲಿ ಫೇಲ್ ಆಗುತ್ತಾನೆ ಎಂಬುದೂ ಸುಳ್ಳೇ. ಒಂದೇ ಕಾಗದವನ್ನು ನೋಡಿ ಒಬ್ಬ ಧೈರ್ಯ ತಂದುಕೊಂಡ, ಇನ್ನೊಬ್ಬ ಹೆದರಿದ. ಕೊನೆಗೆ ಇಬ್ಬರೂ ಚೆಕ್ ಮಾಡಿಸಲಿಲ್ಲ.

ನಮಗೆ ಗೊತ್ತಿರುವ ಒಬ್ಬರ ವಿಷಯ ಹೇಳುತ್ತೇವೆ. ಹೆಸರು ಬೇಡ. ಬಂಟ್ವಾಳ ಕಡೆಯವರು, ಮುಸಫ್ಫದ ಒಂದು ವರ್ಕ್‌ಶಾಪಿನಲ್ಲಿ ಹದಿನೈದು ವರ್ಷ ದುಡಿದವರು. ಪ್ರತಿ ಸಲವೂ ಮೆಡಿಕಲ್ ಪಾಸ್. ರಾತ್ರಿ ನಾಲ್ಕೈದು ಸಲ ಎದ್ದು ಮೂತ್ರಕ್ಕೆ ಹೋಗುತ್ತಿದ್ದರು. ರೂಮಿನವರು ಕೇಳಿದರೆ "ಎಸಿ ತಂಡಿಗೆ" ಅನ್ನುತ್ತಿದ್ದರು. ಒಮ್ಮೆ ಊರಿಗೆ ಹೋದಾಗ ಮನೆಯವರ ಒತ್ತಾಯಕ್ಕೆ ರಕ್ತ ಪರೀಕ್ಷೆ ಮಾಡಿಸಿ ಗೊತ್ತಾಯಿತು. ಮೂರು ತಿಂಗಳ ಮಾತ್ರೆ ತಂದರು. ಅದು ಮುಗಿದ ಮೇಲೆ ಯಾರಾದರೂ ಊರಿನಿಂದ ಬರುವಾಗ ಒಂದಿಷ್ಟು ತರಿಸಿದರು, ಬಾರದಿದ್ದಾಗ ಬಿಟ್ಟರು. ಇಲ್ಲಿನ ಕ್ಲಿನಿಕ್‌ಗೆ ಕಾಲಿಡಲಿಲ್ಲ. ಕಂಪನಿಗೆ ಗೊತ್ತಾದರೆ ಎಂಬ ಭಯ. ಒಂದು ದಿನ ಸೇಫ್ಟಿ ಶೂ ಒಳಗೆ ಕಾಲಿನ ಹೆಬ್ಬೆರಳು ಉಜ್ಜಿ ಗಾಯವಾಯಿತು. ಕಾಲಲ್ಲಿ ಸ್ಪರ್ಶವೇ ಇರಲಿಲ್ಲ, ಹಾಗಾಗಿ ನೋವೂ ಇರಲಿಲ್ಲ. ವಾಸನೆ ಬಂದದ್ದು ಪಕ್ಕದ ಮಂಚದವರಿಗೆ. ಬೆರಳು ತೆಗೆಯಬೇಕಾಯಿತು. ಈಗ ಊರಲ್ಲಿದ್ದಾರೆ, ಭಾರದ ಕೆಲಸ ಮಾಡಲಾಗುವುದಿಲ್ಲ. ಹದಿನೈದು ವರ್ಷದ ಉಳಿತಾಯದಲ್ಲಿ ಎಷ್ಟು ಪಾಲು ದೇರಳಕಟ್ಟೆಯ ಆಸ್ಪತ್ರೆ ಓಡಾಟಕ್ಕೆ ಹೋಯಿತು ಎಂದು ಅವರನ್ನು ಕೇಳಲು ನಮಗೆ ಮನಸ್ಸಾಗಲಿಲ್ಲ.

ಅವರ ಪರ್ಸಿನಲ್ಲಿ ಇನ್ಶೂರೆನ್ಸ್ ಕಾರ್ಡ್ ಇತ್ತು. ಆ ಅಷ್ಟೂ ವರ್ಷ ಇತ್ತು.

ಕಾರ್ಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಬುಧಾಬಿಯಲ್ಲಿ 2005ರ ಕಾನೂನಿನಿಂದ, ದುಬೈಯಲ್ಲಿ 2013ರ 11ನೇ ಕಾನೂನಿನಿಂದ ನೌಕರನಿಗೆ ಆರೋಗ್ಯ ವಿಮೆ ಕಡ್ಡಾಯ. 2025ರ ಜನವರಿಯಿಂದ ಶಾರ್ಜಾ, ಅಜ್ಮಾನ್ ಸೇರಿ ಉಳಿದ ಎಮಿರೇಟ್‌ಗಳಿಗೂ ಇದು ಬಂದಿದೆ. ವಿಮೆಯ ಹಣ ಕಟ್ಟಬೇಕಾದವರು ಕೆಲಸ ಕೊಟ್ಟವರು. ನಮ್ಮ ಸಂಬಳದಿಂದ ಮುರಿಯುವಂತಿಲ್ಲ. ದುಬೈಯಲ್ಲಿ ಕಡಿಮೆ ಸಂಬಳದವರಿಗೆ ಇರುವ ಮೂಲ ಪ್ಯಾಕೇಜಿನಲ್ಲೂ ಮೂವತ್ತು ದಾಟಿದವರಿಗೆ ಮೂರು ವರ್ಷಕ್ಕೊಮ್ಮೆ ಶುಗರ್ ತಪಾಸಣೆ ಸೇರಿದೆ. ಮೊದಲ ಸಲ ವಿಮೆಗೆ ಸೇರುವವರಿಗೆ ಮೊದಲೇ ಇದ್ದ ಕಾಯಿಲೆಗೆ ಆರು ತಿಂಗಳು ಕಾಯಬೇಕು, ನಿಜ. ಔಷಧಿಗೆ ವರ್ಷದ ಮಿತಿ ಉಂಟು, ಡಾಕ್ಟರ ಬಿಲ್ಲಿನಲ್ಲಿ ನಮ್ಮದೂ ಒಂದು ಪಾಲು ಉಂಟು. ಇದೆಲ್ಲ ಇದ್ದರೂ, ಕಾರ್ಡನ್ನು ಎಮಿರೇಟ್ಸ್ ಐಡಿಯ ಹಿಂದೆ ಸಿಕ್ಕಿಸಿಟ್ಟು ಊರಿನ ಮಾತ್ರೆಗೆ ಕಾಯುವುದಕ್ಕಿಂತ ಸಾವಿರ ಪಾಲು ಮೇಲು.

ಭಯಕ್ಕೆ ಕಾರಣವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಅರ್ಧ ದಿನ ರಜೆ ಕೇಳಿದರೆ ಮುಖ ಗಂಟಿಕ್ಕುವ ಫೋರ್‌ಮನ್‌ಗಳನ್ನು ನಾವೂ ಕಂಡಿದ್ದೇವೆ. ಆದರೆ ಕಾನೂನು ಏನು ಹೇಳುತ್ತದೆ ಎಂದು ಗೊತ್ತಿರಲಿ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನಿನಂತೆ, ಪ್ರೊಬೇಷನ್ ಮುಗಿದವನಿಗೆ ವರ್ಷಕ್ಕೆ 90 ದಿನದವರೆಗೆ ಕಾಯಿಲೆಯ ರಜೆ ಉಂಟು: ಮೊದಲ 15 ದಿನ ಪೂರ್ತಿ ಸಂಬಳ, ನಂತರದ 30 ದಿನ ಅರ್ಧ, ಉಳಿದದ್ದು ಸಂಬಳವಿಲ್ಲದೆ. ರೋಗಿಯ ಗುಟ್ಟು ಕಾಯುವುದು ಇಲ್ಲಿನ ಡಾಕ್ಟರರ ಮೇಲೆ ಕಾನೂನು ಹೇರಿದ ಹೊಣೆ. ಬೆಳಿಗ್ಗೆ ಮಾತ್ರೆ ನುಂಗಿ ಕೆಲಸಕ್ಕೆ ಬರುವವನನ್ನು ಯಾವ ಕಂಪನಿಯೂ ಹುಡುಕಿ ಮನೆಗೆ ಕಳಿಸುವುದಿಲ್ಲ. ಕೆಲಸ ಹೋಗುವುದು ಕಾಲು ಹೋದಾಗ, ಕಣ್ಣು ಹೋದಾಗ, ಕಿಡ್ನಿ ಹೋದಾಗ.

ಇನ್ನು ತಿನ್ನುವ, ಕುಡಿಯುವ ವಿಷಯ. ಕರಕ್ ಚಾಯ ಇಲ್ಲದೆ ನಮಗೆ ದಿನ ಇಲ್ಲ. ಸೈಟಿಗೆ ಹೋಗುವ ಮೊದಲು ಒಂದು, ಹತ್ತು ಗಂಟೆಗೆ ಒಂದು, ಊಟದ ನಂತರ, ಅಸರ್ ಹೊತ್ತಿಗೆ, ರಾತ್ರಿ ಕೆಫೆಟೇರಿಯಾದ ಎದುರು ನಿಂತು ಇನ್ನೊಂದು. ಒಂದು ಕಪ್ಪಿಗೆ ಎರಡೇ ಚಮಚ ಸಕ್ಕರೆ ಎಂದು ಹಿಡಿದರೂ ಐದು ಕಪ್ಪಿಗೆ ಹತ್ತು ಚಮಚ, ಅಂದರೆ ಸುಮಾರು 40 ಗ್ರಾಂ. ಮಧ್ಯಾಹ್ನ ಒಂದು ಕ್ಯಾನ್ ಪೆಪ್ಸಿಯೋ ಕೋಲಾವೋ ಆದರೆ ಇನ್ನೂ 35 ಗ್ರಾಂ. ಒಟ್ಟು 75. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ ಸುಮಾರು 50 ಗ್ರಾಂ ಒಳಗೆ, ಸಾಧ್ಯವಾದರೆ 25 ಗ್ರಾಂ. ಇದರ ಮೇಲೆ ಮೈದಾ ಪರೋಟ, ಕುಬ್ಬೂಸ್, ತಟ್ಟೆ ತುಂಬಾ ಅನ್ನ. ನಮ್ಮ ದಕ್ಷಿಣ ಏಷ್ಯಾದವರಿಗೆ ಈ ಕಾಯಿಲೆ ಬಿಳಿಯರಿಗಿಂತ ಚಿಕ್ಕ ವಯಸ್ಸಿನಲ್ಲಿ, ದಪ್ಪ ಆಗುವ ಮೊದಲೇ ಬರುತ್ತದೆ. "ನಾನು ಸಪೂರ ಇದ್ದೇನೆ, ಬಿಸಿಲಲ್ಲಿ ದುಡಿಯುತ್ತೇನೆ, ನನಗೆಂತ ಶುಗರ್" ಎಂಬ ಮಾತಿಗೂ ಅರ್ಥವಿಲ್ಲ.

2017ರ ಅಕ್ಟೋಬರಿನಲ್ಲಿ ಇಲ್ಲಿನ ಸರಕಾರ ತಂಪು ಪಾನೀಯಗಳ ಮೇಲೆ ಶೇಕಡಾ 50, ಎನರ್ಜಿ ಡ್ರಿಂಕ್ ಮೇಲೆ ಶೇಕಡಾ 100 ತೆರಿಗೆ ಹಾಕಿತು. ಒಂದೂವರೆ ದಿರ್ಹಮ್‌ನ ಕ್ಯಾನ್ ಎರಡೂಕಾಲು ಆಯಿತು. ನಾವು ರೂಮಿನಲ್ಲಿ ಕೂತು ತೆರಿಗೆಯನ್ನು ಬೈದೆವು, ಕ್ಯಾನ್ ಬಿಡಲಿಲ್ಲ. 2026ರಿಂದ ಪಾನೀಯದಲ್ಲಿ ಸಕ್ಕರೆ ಎಷ್ಟು ಎಂದು ನೋಡಿ ತೆರಿಗೆ ಹಾಕುವ ಪದ್ಧತಿ ಬಂದಿದೆ. ತೆರಿಗೆಯವರೇ ಸಕ್ಕರೆಯ ಲೆಕ್ಕ ಓದುತ್ತಿದ್ದಾರೆ, ಕುಡಿಯುವ ನಾವು ಓದುವುದಿಲ್ಲ.

"ಬಡವ ಬೇರೆ ಏನು ತಿನ್ನಬೇಕು? ಸಲಾಡ್ ತಿನ್ನಲಿಕ್ಕೆ ನಾವೇನು ಅರಬಾಬಾ?" ಎಂದು ಕೇಳುವವರು ಉಂಟು. ನ್ಯಾಯದ ಪ್ರಶ್ನೆ. ಇದಕ್ಕೆ ಎರಡು ಉತ್ತರ ಉಂಟು.

ಅಡುಗೆ ಮನೆ ಇರುವ ರೂಮಿನವರಿಗೆ: ಆಫರ್ ನೋಡಿ ಎಣ್ಣೆ ತರುವ ನಿಮಗೆ ಬೇಳೆ, ಕ್ಯಾಬೇಜ್, ಪಾಲಕ್ ಸೊಪ್ಪು ದುಬಾರಿಯಲ್ಲ. ದೇರಾದ ವಾಟರ್‌ಫ್ರಂಟ್ ಮಾರ್ಕೆಟಿನಲ್ಲಿ, ಅಬುಧಾಬಿಯ ಮೀನಾದಲ್ಲಿ ಬೂತಾಯಿ ಇಂದಿಗೂ ಬಡವನ ಮೀನೇ. ಉಮ್ಮ ಮಾಡುತ್ತಿದ್ದ ಹಾಗೆ ಪುಳಿ ಹಾಕಿ ಸಾರು ಮಾಡಿ, ಅನ್ನ ಅರ್ಧ ಮಾಡಿ, ಪಲ್ಯ ಇಮ್ಮಡಿ ಮಾಡಿ. ಇದಕ್ಕೆ ಹೊಟೇಲಿನ ಪರೋಟ, ಬೀಫ್ ಫ್ರೈಗಿಂತ ಜಾಸ್ತಿ ಖರ್ಚಾಗುವುದಿಲ್ಲ. ಸರದಿಯಂತೆ ಅಡುಗೆ ಮಾಡಲು ಉದಾಸೀನ, ಅಷ್ಟೇ.

ಸೋನಾಪುರ, ಅಲ್ ಕೂಝ್, ಜಬಲ್ ಅಲಿ, ಮುಸಫ್ಫದ ಕ್ಯಾಂಪುಗಳಲ್ಲಿ ಕಂಪನಿಯ ಊಟ ತಿನ್ನುವವರಿಗೆ ಈ ಉಪದೇಶ ಮಾಡಲು ನಮಗೆ ಬಾಯಿ ಬರುವುದಿಲ್ಲ. ಬೆಳಗಿನ ಜಾವ ತುಂಬಿಸಿಕೊಂಡ ಡಬ್ಬಿಯನ್ನು ಮಧ್ಯಾಹ್ನ ಸೈಟಿನಲ್ಲಿ ಬಿಚ್ಚಿದರೆ ಅನ್ನದ ಗುಡ್ಡೆ, ಬದಿಯಲ್ಲಿ ತೆಳ್ಳಗಿನ ಸಾರು. ಅವರಿಗೆ ಆಯ್ಕೆ ಎಂಬುದೇ ಇಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನ ಕೆಲಸ ನಿಲ್ಲಿಸುವ ನಿಯಮವನ್ನು ಕಂಪನಿಗಳು ಪಾಲಿಸುವುದು ದಂಡಕ್ಕೆ ಹೆದರಿ. ಊಟದ ಡಬ್ಬಿಯಲ್ಲಿ ತರಕಾರಿ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಕ್ಯಾಟರಿಂಗ್ ಗುತ್ತಿಗೆ ಹಿಡಿದವರಲ್ಲಿ, ಕ್ಯಾಂಪ್ ಬಾಸ್‌ಗಳಲ್ಲಿ, ಪಿಆರ್‌ಒಗಳಲ್ಲಿ ನಮ್ಮ ಊರಿನವರೂ ಇದ್ದಾರೆ. ಅವರು ಈ ಪತ್ರಿಕೆ ಓದುತ್ತಾರೆ. ಅವರನ್ನೇ ಕೇಳುತ್ತೇವೆ: ನಿಮ್ಮ ಮನೆಯ ಮಕ್ಕಳಿಗೆ ಆ ಡಬ್ಬಿ ಕೊಡುತ್ತೀರಾ?

ಕೆಫೆಟೇರಿಯಾ, ಹೊಟೇಲು ನಡೆಸುವ ನಮ್ಮ ಬ್ಯಾರಿ ಸಹೋದರರಿಗೂ ಒಂದು ಮಾತು. ಸಕ್ಕರೆಯನ್ನು ದೊಡ್ಡ ಪಾತ್ರೆಯಲ್ಲೇ ಸುರಿದು ಕುದಿಸುವುದನ್ನು ಬಿಡಿ. ಬೇರೆ ಕೊಡಿ, ಬೇಕಾದವರು ಹಾಕಿಕೊಳ್ಳಲಿ. ಈಗ "ಒಂದು ವಿತೌಟ್" ಎಂದು ಕೇಳಿದರೆ ಚಾಯ ಕೊಡುವ ಹುಡುಗನಿಂದ ಹಿಡಿದು ಪಕ್ಕದಲ್ಲಿ ನಿಂತವರವರೆಗೆ ಎಲ್ಲರೂ ತಿರುಗಿ ನೋಡುತ್ತಾರೆ. "ಏನು ಇಚ್ಚ, ನಿಮಗೂ ಬಂತಾ?" ಎಂಬ ನಗೆ. ಆ ನಗೆಗೆ ನಾಚಿ ಸಿಹಿ ಚಾಯವನ್ನೇ ಕುಡಿದವರು ನಮ್ಮಲ್ಲಿ ಎಷ್ಟೋ ಜನ.

ಕೊನೆಗೆ ನಮ್ಮದೇ ಲೆಕ್ಕ. ಸಂಘಟನೆಗಳು ಎಂದು ಕರೆಸಿಕೊಳ್ಳುವ ನಾವು ಏನು ಮಾಡಿದ್ದೇವೆ? ಇಫ್ತಾರ್ ಕೂಟದಲ್ಲಿ, ಕುಟುಂಬ ಸಮ್ಮಿಲನದಲ್ಲಿ ಬಿರಿಯಾನಿ, ಕ್ಯಾನ್, ಗುಲಾಬ್ ಜಾಮೂನ್ ಹಂಚಿದೆವು. ಅದೇ ಹಾಲಿನ ಮೂಲೆಯಲ್ಲಿ "ಉಚಿತ ವೈದ್ಯಕೀಯ ಶಿಬಿರ" ಎಂಬ ಬ್ಯಾನರ್ ಕಟ್ಟಿ ಬೆರಳು ಚುಚ್ಚಿದೆವು, ಫೋಟೋ ತೆಗೆದೆವು. ಶುಗರ್ ಮುನ್ನೂರು ಬಂದವರ ಹೆಸರು ಬರೆದುಕೊಂಡೆವು. ಮರುವಾರ ಅವರಿಗೆ ಫೋನ್ ಮಾಡಿದವರು ಯಾರು? ಯಾರೂ ಇಲ್ಲ. ಆದರೆ ಅವರಲ್ಲೇ ಒಬ್ಬರು ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂದಾದರೆ ನಾವು ಎಚ್ಚರವಾಗುತ್ತೇವೆ. ಪೊಲೀಸ್ ಕಾಗದ, ಮರಣ ಪತ್ರ, ವೀಸಾ ರದ್ದು, ಕಾನ್ಸುಲೇಟ್, ಸೋನಾಪುರದ ಎಂಬಾಮಿಂಗ್, ಕಾರ್ಗೋ ಬುಕಿಂಗ್, ಎರಡು ದಿನ ನಿದ್ದೆ ಬಿಟ್ಟು ಓಡುತ್ತೇವೆ. ಮಯ್ಯತ್ ಬಜ್ಪೆಗೆ ಮುಟ್ಟುವವರೆಗೆ ನಮಗೆ ಊಟ ಸೇರುವುದಿಲ್ಲ. ಈ ಓಟ ದೊಡ್ಡ ಪುಣ್ಯದ ಕೆಲಸ, ಸಂಶಯವಿಲ್ಲ. ಆದರೆ ಆ ಮನುಷ್ಯ ಬದುಕಿದ್ದಾಗ ಒಂದು ಫೋನ್ ಮಾಡಿದ್ದರೆ ಎಂಬ ಪ್ರಶ್ನೆ ವಿಮಾನ ಹೋದ ಮೇಲೂ ಉಳಿಯುತ್ತದೆ. ಹೊಟ್ಟೆಯನ್ನು ಮೂರು ಪಾಲು ಮಾಡುವ ಹದೀಸನ್ನು ಜುಮಾದ ಖುತ್ಬಾದಲ್ಲಿ ಕೇಳಿ, ಹೊರಗೆ ಬಂದು ಬಫೆಯ ಸಾಲಿನಲ್ಲಿ ನಿಲ್ಲುವವರು ನಾವೇ.

ಆದ್ದರಿಂದ ಇಷ್ಟು ಮಾಡೋಣ. ಇನ್ನು ಮುಂದೆ ನಮ್ಮ ಸಭೆಗಳಲ್ಲಿ ಕ್ಯಾನ್ ಇರುವುದಿಲ್ಲ, ನೀರು ಇರುತ್ತದೆ. ಶಿಬಿರದಲ್ಲಿ ಹೆಚ್ಚು ಬಂದವರನ್ನು ಅವರವರ ಕಾರ್ಡಿಗೆ ಯಾವ ಕ್ಲಿನಿಕ್ ಆಗುತ್ತದೆ ಎಂದು ನೋಡಿ ನಾವೇ ಜೊತೆಗೆ ಕರೆದುಕೊಂಡು ಹೋಗುತ್ತೇವೆ. ರಮಝಾನ್ ಬರುವ ಮೊದಲು, ಮಾತ್ರೆ ತೆಗೆದುಕೊಳ್ಳುವವರು ಉಪವಾಸದ ಬಗ್ಗೆ ಡಾಕ್ಟರನ್ನು ಕೇಳಿದ್ದಾರಾ ಎಂದು ವಿಚಾರಿಸುತ್ತೇವೆ. ಅರಬಿ, ಇಂಗ್ಲಿಷ್ ಬಾರದವರಿಗೆ ಕಾರ್ಡಿನಲ್ಲಿ ಬರೆದದ್ದನ್ನು ಓದಿ ಹೇಳುತ್ತೇವೆ. ವಿಮೆಯ ಹಣ ಸಂಬಳದಿಂದ ಮುರಿದವರಿದ್ದರೆ ದೂರು ಕೊಡಲು ಜೊತೆಗೆ ನಿಲ್ಲುತ್ತೇವೆ.

ನೀವು ಮಾಡಬೇಕಾದದ್ದು ಒಂದೇ. ಈ ವಾರ ಕಾರ್ಡ್ ಹೊರಗೆ ತೆಗೆಯಿರಿ. ರಾತ್ರಿ ಊಟದ ಮೇಲೆ ಏನೂ ತಿನ್ನದೆ ಬೆಳಿಗ್ಗೆ ಹೋಗಿ ರಕ್ತ ಕೊಡಿ. ಖಾಲಿ ಹೊಟ್ಟೆಯಲ್ಲಿ 100ರ ಒಳಗಿದ್ದರೆ ಅಲ್ಹಮ್ದುಲಿಲ್ಲಾಹ್. 100ರಿಂದ 125 ಆದರೆ ಅದು ಎಚ್ಚರಿಕೆಯ ಗಂಟೆ, ಚಾಯದ ಸಕ್ಕರೆ ಅಂದೇ ಬಿಡಿ. 126 ಅಥವಾ ಮೇಲಾದರೆ ಹೆದರಬೇಡಿ, ಮುಚ್ಚಿಡಬೇಡಿ, ಡಾಕ್ಟರು ಇನ್ನೊಮ್ಮೆ ಪರೀಕ್ಷಿಸಿ ಮಾತ್ರೆ ಕೊಡುತ್ತಾರೆ. ಮುಂದಿನ ರಜೆಯ ಹಿಂದಿನ ರಾತ್ರಿ ರೂಮಿನಲ್ಲಿ ಬೂತಾಯಿಯ ರೇಟು ಹೇಳುವಾಗ ಆ ನಂಬರನ್ನೂ ಹೇಳಿ. ನಾವೂ ನಮ್ಮದನ್ನು ಹೇಳುತ್ತೇವೆ.